ತಿರುವನ್ನು ನೇರ ಮಾಡುವ ಮೊದಲು ಚಾಲಕನಿಗೆ ಘಟ್ಟ ಕಲಿಸೋಣ

ಘಟ್ಟದ ರಸ್ತೆಯಲ್ಲಿ ಲಾರಿಯೊಂದು ಮಗುಚಿದ ಮರುದಿನ ನಮ್ಮಲ್ಲಿ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. ಮೊದಲನೆಯದು, ‘ಚಾಲಕನ ಅಜಾಗರೂಕತೆ’. ಎರಡನೆಯದು, ‘ರಸ್ತೆ ಸರಿಯಿಲ್ಲ, ತಿರುವು ತೆಗೆದು ಅಗಲ ಮಾಡಬೇಕು’. ಮೊದಲ ಮಾತಿನಿಂದ ಒಬ್ಬ ಬಡ ಚಾಲಕನ ಮೇಲೆ ಮೊಕದ್ದಮೆ ದಾಖಲಾಗುತ್ತದೆ. ಎರಡನೆಯ ಮಾತಿನಿಂದ ಗುಡ್ಡದ ಬುಡಕ್ಕೆ ಯಂತ್ರಗಳು ಬಂದು ನಿಲ್ಲುತ್ತವೆ. ಇವೆರಡರ ನಡುವೆ ಕೇಳದೆ ಉಳಿದುಹೋಗುವ ಪ್ರಶ್ನೆಯೊಂದಿದೆ: ತುಂಬಿದ ಲಾರಿಯನ್ನು ಘಟ್ಟ ಇಳಿಸುವುದು ಹೇಗೆಂದು ಆ ಚಾಲಕನಿಗೆ ಯಾರಾದರೂ ಕಲಿಸಿದ್ದರೇ?

ನಾನು ಮಣ್ಣು ಮತ್ತು ಬೆಳೆಗಳ ಶಾಸ್ತ್ರವನ್ನು ಓದಿದವನು. ಸಾರಿಗೆ ನನ್ನ ವಿಷಯವಲ್ಲ. ಆದರೆ ಈ ಪ್ರಶ್ನೆ ನನ್ನ ತೋಟದ ದಣಪೆಯವರೆಗೂ ಬಂದು ನಿಂತ ಕಾರಣ ಬರೆಯಬೇಕಾಯಿತು.

ಒಂದು ಲೋಡು ಸುಣ್ಣ

ನಮ್ಮದು ಅರಬೈಲು ಘಟ್ಟದ ಕೆಳಗಿನ ಕಣಿವೆ. ಅತಿಯಾದ ಮಳೆಗೆ ಸುಣ್ಣದ ಅಂಶ ತೊಳೆದುಹೋಗಿ ಇಲ್ಲಿಯ ಮಣ್ಣು ಹುಳಿಯಾಗುತ್ತದೆಂಬುದು ಅಡಿಕೆ ಬೆಳೆಗಾರರಿಗೆಲ್ಲ ತಿಳಿದ ಸಂಗತಿ. ಎರಡು ವರ್ಷಗಳ ಹಿಂದೆ ಮಳೆಗಾಲ ಮುಗಿದ ಮೇಲೆ ನಾವು ಏಳೆಂಟು ಮನೆಯವರು ಸೇರಿ ಬಯಲುಸೀಮೆಯಿಂದ ಒಂದು ಲೋಡು ಸುಣ್ಣ ತರಿಸಿದೆವು. ನಾಲ್ಕಾರು ಕಡೆ ವಿಚಾರಿಸಿ, ಎಲ್ಲರಿಗಿಂತ ಕಡಿಮೆ ಬಾಡಿಗೆ ಹೇಳಿದವರನ್ನು ಒಪ್ಪಿದೆವು. ಹಾಗೆ ಚೌಕಾಶಿ ಮಾಡಿದವರಲ್ಲಿ ನಾನೂ ಒಬ್ಬ.

ಲಾರಿ ಬಂದದ್ದು ರಾತ್ರಿ ಒಂಬತ್ತರ ಮೇಲೆ. ಸುಟ್ಟ ರಬ್ಬರಿನಂಥ ಘಾಟು ವಾಸನೆ ಲಾರಿಗಿಂತ ಮೊದಲೇ ನಮ್ಮನ್ನು ತಲುಪಿತ್ತು. ಹಿಂದಿನ ಚಕ್ರಗಳಿಂದ ಹೊಗೆ ಏಳುತ್ತಿತ್ತು. ಚಾಲಕ ಇಪ್ಪತ್ತೆರಡು-ಇಪ್ಪತ್ಮೂರರ ಹುಡುಗ. ಜೊತೆಗೆ ಯಾರೂ ಇರಲಿಲ್ಲ. ಕೆಳಗಿಳಿದವನೇ ನೀರಿನ ಕ್ಯಾನು ಎತ್ತಿಕೊಂಡು ಚಕ್ರದ ಕಡೆಗೆ ಓಡಿದ. ನಮ್ಮೂರಿನ ನಿವೃತ್ತ ಲಾರಿ ಚಾಲಕರೊಬ್ಬರು ಅಲ್ಲಿದ್ದರು. ‘ತಮ್ಮಾ, ನೀರು ಹಾಕಬೇಡ. ಕಾದ ಡ್ರಮ್ಮು ಸೀಳಿಹೋಗ್ತದೆ’ ಎಂದು ಅವನ ಕೈಹಿಡಿದು ತಡೆದರು. ಆಮೇಲೆ ಕೇಳಿದರು: ‘ಯಾವ ಗೇರಿನಲ್ಲಿ ಇಳಿಸಿದೆ?’

‘ನ್ಯೂಟ್ರಲ್‌ನಾಗ ಬಿಟ್ಟೀನ್ರಿ ಕಾಕಾ. ಡೀಸೆಲ್ ಉಳೀತೈತಿ ಅಂತ ಮಾಲಕ್ರು ಹೇಳ್ಯಾರ್ರಿ.’

ಊಟಕ್ಕೆ ಕೂತಾಗ ಹುಡುಗ ತನ್ನ ಕತೆ ಹೇಳಿದ. ಮೈದಾನವೊಂದರಲ್ಲಿ ಗಾಡಿ ಓಡಿಸಲು ಕಲಿತು, ಪರೀಕ್ಷೆಯಲ್ಲಿ ‘ಎಂಟು’ ಹಾಕಿ ತೋರಿಸಿ, ಭಾರೀ ವಾಹನದ ಪರವಾನಗಿ ಪಡೆದಿದ್ದ. ಕೆಲಸಕ್ಕೆ ಸೇರಿದ ಮೇಲೆ ನಾಲ್ಕು ಪಥದ ಸಪಾಟು ಹೆದ್ದಾರಿಯಲ್ಲಿ ಎರಡು ಬಾರಿ ಇನ್ನೊಬ್ಬ ಚಾಲಕನ ಪಕ್ಕದಲ್ಲಿ ಕೂತು ಹೋಗಿಬಂದಿದ್ದ. ಮೂರನೆಯ ಸಲಕ್ಕೆ ಕೀಲಿಕೈ ಅವನ ಕೈಗೆ ಬಂತು. ಆ ಮೇಲೆ ಕೆಲವು ತಿಂಗಳು ಬಯಲಿನಲ್ಲಿಯೇ ಓಡಿಸಿದ್ದ. ಘಟ್ಟವನ್ನು ಅವನು ಕಂಡದ್ದು ಆ ರಾತ್ರಿಯೇ ಮೊದಲು. ನಮ್ಮ ಸುಣ್ಣ ಅವನಿಗೆ ಅದನ್ನು ತೋರಿಸಿತು.

ಆ ರಾತ್ರಿ ಏನೂ ಆಗಲಿಲ್ಲ. ಆಗಿದ್ದರೆ ‘ಚಾಲಕನ ಅಜಾಗರೂಕತೆ’ ಎಂಬ ಎರಡು ಶಬ್ದಗಳಲ್ಲಿ ಪ್ರಕರಣ ಮುಗಿಯುತ್ತಿತ್ತು. ಮಾಲೀಕರ ಸಲಹೆಯಾಗಲಿ, ನಮ್ಮ ಚೌಕಾಶಿಯಾಗಲಿ ಯಾವ ದಾಖಲೆಯಲ್ಲಿಯೂ ಬರುತ್ತಿರಲಿಲ್ಲ.

ಇಳಿಜಾರಿನ ಲೆಕ್ಕ

ಘಟ್ಟ ಇಳಿಸುವುದು ಧೈರ್ಯದ ಮಾತಲ್ಲ, ಶಾಖದ ಲೆಕ್ಕ. ವಿದ್ಯಾರ್ಥಿ ಮಿತ್ರರು ಇದನ್ನು ತಾವೇ ಗುಣಿಸಿ ನೋಡಬಹುದು. ಮೂರು ಅಚ್ಚುಗಳ ಲಾರಿಯೊಂದು ಸರಕಿನ ಸಮೇತ ತೂಗಬಹುದಾದ ಮಿತಿ 2018ರವರೆಗೆ 25 ಟನ್ ಇತ್ತು. ಆ ವರ್ಷ ಅದನ್ನು 28.5 ಟನ್ನಿಗೆ ಏರಿಸಲಾಯಿತು. ಇಷ್ಟು ತೂಕ 400 ಮೀಟರ್ ಎತ್ತರದಿಂದ ಕೆಳಗಿಳಿಯುವಾಗ ಹೊರಬೀಳುವ ಶಕ್ತಿಯಿಂದ ಸುಮಾರು 350 ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸಬಹುದು. ನಮ್ಮ ಬಚ್ಚಲೊಲೆಯ ದೊಡ್ಡ ಹಂಡೆಗಳನ್ನು ನೆನೆಸಿಕೊಳ್ಳಿ. ಅಂಥ ಹಲವು ಹಂಡೆಗಳನ್ನು ಕುದಿಸುವ ಬೆಂಕಿ ಕೆಲವೇ ನಿಮಿಷಗಳಲ್ಲಿ ಎಲ್ಲಾದರೂ ಹೊರಹೋಗಲೇಬೇಕು.

ಲಾರಿ ಚಿಕ್ಕ ಗೇರಿನಲ್ಲಿದ್ದರೆ ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತವೆ, ಎಂಜಿನ್ ಗಾಳಿಯನ್ನು ಒತ್ತುತ್ತ ಚಕ್ರಗಳನ್ನು ತಡೆಯುತ್ತದೆ. ಶಾಖದ ಬಹುಭಾಗ ಎಂಜಿನ್ನಿನ ಮೂಲಕ ಹೊರಹೋಗುತ್ತದೆ. ಹೊಗೆ ಹೋಗುವ ದಾರಿಯನ್ನು ತಡೆಯುವ ಎಕ್ಸಾಸ್ಟ್ ಬ್ರೇಕು ಇದ್ದರೆ ಈ ತಡೆ ಇನ್ನೂ ಹೆಚ್ಚು. ನ್ಯೂಟ್ರಲ್‌ಗೆ ಹಾಕಿದ ಕ್ಷಣ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿದುಹೋಗಿ ಭಾರವೆಲ್ಲ ಬ್ರೇಕಿನ ಡ್ರಮ್ಮುಗಳ ಮೇಲೆ ಬೀಳುತ್ತದೆ. ಕಾದ ಡ್ರಮ್ಮು ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ. ಕಾದ ಲೈನರು ಹಿಡಿತ ಕಳೆದುಕೊಳ್ಳುತ್ತದೆ. ಚಾಲಕ ಗಾಬರಿಯಾಗಿ ಮತ್ತೆ ಮತ್ತೆ ತುಳಿದಷ್ಟೂ ಬ್ರೇಕಿನ ಟ್ಯಾಂಕಿನಲ್ಲಿರುವ ಗಾಳಿಯ ಒತ್ತಡ ಇಳಿಯುತ್ತದೆ. ವೇಗ ಏರಿದ ಮೇಲೆ ಚಿಕ್ಕ ಗೇರಿಗೆ ಮರಳಲು ಹೋದರೆ ಗೇರು ಬೀಳುವುದಿಲ್ಲ. ‘ಏರುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು’ ಎಂದು ಹಳೆಯ ಚಾಲಕರು ಹೇಳುತ್ತಿದ್ದುದರಲ್ಲಿ ಈ ಭೌತಶಾಸ್ತ್ರವೆಲ್ಲ ಅಡಗಿತ್ತು.

ಡೀಸೆಲ್ ಉಳಿಯುತ್ತದೆಂಬ ಮಾತೂ ಸುಳ್ಳು. ಇಂದಿನ ಎಂಜಿನ್ನುಗಳಲ್ಲಿ ಗೇರಿನಲ್ಲಿಯೇ ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುವಾಗ ಇಂಧನದ ಪೂರೈಕೆ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದೆ ತಿರುಗುತ್ತಿರಲು ಡೀಸೆಲ್ ಬೇಕೇ ಬೇಕು. ಆ ಹುಡುಗ ಮಾಲೀಕರ ಮಾತು ಕೇಳಿ ಉಳಿಸಿದ್ದು ಏನೂ ಇಲ್ಲ, ಪಣಕ್ಕಿಟ್ಟದ್ದು ಜೀವವನ್ನು.

ನಮ್ಮ ದೇಶದ ರಸ್ತೆಗಳಲ್ಲಿ 2022ರಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಆ ಸಾವುಗಳ ಬಹುಪಾಲನ್ನು ಅತಿವೇಗದ ಲೆಕ್ಕಕ್ಕೆ ಹಾಕಲಾಗಿದೆ. ಆದರೆ ಬ್ರೇಕು ಸತ್ತು ಘಟ್ಟದಲ್ಲಿ ಉರುಳುವ ಲಾರಿಯೂ ನೋಡುವವರಿಗೆ ಅತಿವೇಗದ ಲಾರಿಯೇ. ಬೇಕೆಂದು ಓಡಿಸಿದ ವೇಗಕ್ಕೂ ನಿಲ್ಲಿಸಲು ತಿಳಿಯದೆ ಬಂದ ವೇಗಕ್ಕೂ ಮದ್ದು ಒಂದೇ ಅಲ್ಲ. ಮೊದಲನೆಯದಕ್ಕೆ ದಂಡ ಸಾಕಾಗಬಹುದು. ಎರಡನೆಯದಕ್ಕೆ ಕಲಿಕೆ ಬೇಕು.

ಕ್ಲೀನರ್ ಎಂಬ ವಿದ್ಯಾರ್ಥಿ

ಹಿಂದೆ ಈ ಕಲಿಕೆ ಎಲ್ಲಿ ನಡೆಯುತ್ತಿತ್ತು? ಲಾರಿಯಲ್ಲಿಯೇ. ಕ್ಲೀನರ್ ಆಗಿ ಸೇರಿದ ಹುಡುಗ ವರ್ಷಗಟ್ಟಲೆ ಚಾಲಕನ ಎಡಕ್ಕೆ ಕೂರುತ್ತಿದ್ದ. ಏರಿನಲ್ಲಿ ಲಾರಿ ನಿಂತರೆ ಜಿಗಿದು ಚಕ್ರಕ್ಕೆ ಕಲ್ಲು ಕೊಡುತ್ತಿದ್ದ. ಟೈರು ಬಡಿದು ಸದ್ದಿನಲ್ಲಿಯೇ ಗಾಳಿ ಅಳೆಯುತ್ತಿದ್ದ. ಕುರುಡು ತಿರುವಿನಲ್ಲಿ ಇಳಿದು ಮುಂದೆ ಹೋಗಿ ಕೈಸನ್ನೆ ಮಾಡುತ್ತಿದ್ದ. ಘಟ್ಟದ ತಲೆಯಲ್ಲಿ ಲಾರಿ ನಿಲ್ಲಿಸಿ, ಚಹಾ ಕುಡಿದು, ಬ್ರೇಕು ನೋಡಿ ಇಳಿಯುವ ಪದ್ಧತಿಯನ್ನು ಅವನು ಕಂಡು ಕಲಿಯುತ್ತಿದ್ದ. ಚಕ್ರ ಹಿಡಿಯುವ ಹೊತ್ತಿಗೆ ಘಟ್ಟದ ಪ್ರತಿ ತಿರುವೂ ಅವನಿಗೆ ಬಾಯಿಪಾಠವಾಗಿರುತ್ತಿತ್ತು.

ಈ ಪದ್ಧತಿಯನ್ನು ನಾನು ಹೊಗಳಲು ಹೊರಟಿಲ್ಲ. ಹತ್ತು-ಹನ್ನೆರಡರ ಮಕ್ಕಳು ಶಾಲೆ ಬಿಟ್ಟು, ಬೈಗುಳ ತಿಂದು, ಸಂಬಳವಿಲ್ಲದೆ ಲಾರಿಯ ಕೆಳಗೆ ಮಲಗಿ ಕಲಿತ ವಿದ್ಯೆ ಅದು. ಅಂಥ ಬಾಲದುಡಿಮೆ ಹೋಗಬೇಕಾದದ್ದೇ. ಆದರೆ ಅದರೊಂದಿಗೆ ಕಲಿಕೆಯೂ ಹೋಯಿತು, ಆ ಜಾಗಕ್ಕೆ ಬೇರೇನನ್ನೂ ನಾವು ತರಲಿಲ್ಲ. ಒಬ್ಬನ ಸಂಬಳ ಉಳಿಯಿತೆಂದು ಮಾಲೀಕರು ಲೆಕ್ಕ ಹಾಕಿದರು. ಇಂದು ನಮ್ಮ ಘಟ್ಟ ಇಳಿಯುವ ಎಷ್ಟೋ ಲಾರಿಗಳಲ್ಲಿ ಎಡಗಡೆಯ ಸೀಟು ಖಾಲಿ.

ಕಲಿಕೆಯ ಅವಧಿಯನ್ನು ಕತ್ತರಿಸಿದರೆ ಏನಾಗುತ್ತದೆಂಬುದನ್ನು ಈ ಘಟ್ಟ ಒಮ್ಮೆ ಕಂಡಿದೆ. ಅದಿರಿನ ವರ್ಷಗಳು ಹಿರಿಯರಿಗೆಲ್ಲ ನೆನಪಿವೆ. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ತಡೆಯುವವರೆಗೂ ಬಳ್ಳಾರಿ-ಹೊಸಪೇಟೆಯ ಕಬ್ಬಿಣದ ಅದಿರು ಇದೇ ದಾರಿಯಿಂದ ಕಾರವಾರ, ಬೇಲೆಕೇರಿ ಬಂದರುಗಳಿಗೆ ಇಳಿಯುತ್ತಿತ್ತು. ಧಾರವಾಡದಲ್ಲಿ ಓದುತ್ತಿದ್ದ ನಾನು ಊರಿಗೆ ಬರುವಾಗ ಬಸ್ಸು ಆ ಕೆಂಪು ಸಾಲಿನ ನಡುವೆ ಗಂಟೆಗಟ್ಟಲೆ ನಿಂತಿರುತ್ತಿತ್ತು. ಎಷ್ಟು ಟ್ರಿಪ್ಪೋ ಅಷ್ಟು ದುಡ್ಡು ಎಂಬ ದಿನಗಳವು. ಕ್ಲೀನರ್ ಆಗಿ ಆರು ತಿಂಗಳೂ ಕಳೆಯದ ಹುಡುಗರು ತೂಕ ಮೀರಿದ ಲಾರಿಗಳ ಚಕ್ರ ಹಿಡಿದಿದ್ದನ್ನು ಆಗ ಕಂಡಿದ್ದೇನೆ. ಕಣಿವೆಗೆ ಬಿದ್ದ ಲಾರಿಗಳನ್ನು ಎಣಿಸುವುದು ನಮ್ಮ ಬಸ್ಸಿನ ಪ್ರಯಾಣಿಕರಿಗೆ ರೂಢಿಯೇ ಆಗಿಹೋಗಿತ್ತು.

ಕಾನೂನು ಹೇಳುವುದೇನು?

ಕಾನೂನು ಸುಮ್ಮನಿದೆಯೆಂದಲ್ಲ. ಸರಕು ವಾಹನ ಓಡಿಸಲು 20 ವರ್ಷ ತುಂಬಿರಬೇಕು. ಕಲಿಕಾ ಪರವಾನಗಿ ಪಡೆಯುವ ಮೊದಲು ಲಘು ವಾಹನದ ಪರವಾನಗಿ ಪಡೆದು ಒಂದು ವರ್ಷವಾದರೂ ಆಗಿರಬೇಕು. 1989ರ ಕೇಂದ್ರ ನಿಯಮಗಳ ಪ್ರಕಾರ ತರಬೇತಿ ಶಾಲೆಗಳು ಸಾರಿಗೆ ವಾಹನ ಕಲಿಯುವವರಿಗೆ ಕನಿಷ್ಠ 30 ದಿನಗಳ ಅವಧಿಯಲ್ಲಿ 15 ಗಂಟೆ ವಾಹನ ಓಡಿಸಲು ಕೊಡಬೇಕು. 2021ರಲ್ಲಿ ಬಂದ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳ ನಿಯಮ ಭಾರೀ ವಾಹನಕ್ಕೆ ಆರು ವಾರಗಳಲ್ಲಿ 38 ಗಂಟೆಗಳ ಪಾಠವನ್ನು ಗೊತ್ತುಮಾಡಿದೆ. ಚಾಲಕರಿಗೆ ಎಂಟನೆಯ ತರಗತಿ ಪಾಸಾಗಿರಬೇಕೆಂಬ ನಿಯಮವನ್ನು 2019ರಲ್ಲಿ ಕೈಬಿಟ್ಟಾಗ ದೇಶದಲ್ಲಿ 22 ಲಕ್ಷ ಚಾಲಕರ ಕೊರತೆಯಿದೆ, ಓದಿಗಿಂತ ಕೌಶಲ ಮುಖ್ಯ ಎಂದು ಸರ್ಕಾರ ಹೇಳಿತು. ಆ ಮಾತನ್ನು ನಾನು ಒಪ್ಪುತ್ತೇನೆ. ಶಾಲೆಯ ಪ್ರಮಾಣಪತ್ರ ಲಾರಿಯನ್ನು ನಿಲ್ಲಿಸುವುದಿಲ್ಲ. ಆದರೆ ಕೌಶಲವೇ ಮುಖ್ಯವೆಂದ ಮೇಲೆ ಅದನ್ನು ಕಲಿಸುವ ಹೊಣೆಯನ್ನೂ ಹೊರಬೇಕು.

ಈ ಎಲ್ಲ ಗಂಟೆಗಳೂ ಪರವಾನಗಿಯ ಮುಂಚಿನವು. ಪಠ್ಯದಲ್ಲಿ ಏರು-ಇಳಿಜಾರಿನ ಪ್ರಸ್ತಾಪವಿದ್ದರೂ ಬಯಲಿನ ಊರಿನಲ್ಲಿ ಕಲಿಯುವವನಿಗೆ ಇಳಿಜಾರು ಎಂದರೆ ಮೇಲ್ಸೇತುವೆಯ ಬೆನ್ನು. ಪರವಾನಗಿ ಕೈಗೆ ಬಂದ ಮೇಲೆ ಅವನನ್ನು ಎಷ್ಟು ದಿನ ಅನುಭವಿಯ ಜೊತೆ ಕೂರಿಸಬೇಕು ಎಂಬುದು ಮಾಲೀಕರ ಮನಸ್ಸಿಗೆ ಬಿಟ್ಟದ್ದಾಗಿದೆ. ದುಡಿಮೆಯ ಅವಧಿಯನ್ನು ದಿನಕ್ಕೆ ಎಂಟು ಗಂಟೆಗೆ ಮಿತಿಗೊಳಿಸಿದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೂ, 2025ರಲ್ಲಿ ರದ್ದಾಗುವವರೆಗೆ, ಐದು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳನ್ನು ಉದ್ದೇಶಿಸಿತ್ತು. ಒಂದೆರಡು ಲಾರಿಗಳ ಸಣ್ಣ ಮಾಲೀಕರೇ ಹೆಚ್ಚಾಗಿರುವ ಈ ಉದ್ಯೋಗದಲ್ಲಿ ಅದು ಮುಟ್ಟಿದ್ದು ಎಷ್ಟು ಜನರನ್ನು?

ಇನ್ನೊಂದು ವಿಪರ್ಯಾಸವನ್ನು ಗಮನಿಸಿ. ಅನಿಲ, ಆಮ್ಲ, ಪೆಟ್ರೋಲಿನಂಥ ಅಪಾಯಕಾರಿ ಸರಕು ಸಾಗಿಸುವ ಚಾಲಕನಿಗೆ ಪ್ರತ್ಯೇಕವಾಗಿ ಮೂರು ದಿನಗಳ ತರಬೇತಿ ಕಡ್ಡಾಯ. ಅದಕ್ಕೆ ಪರವಾನಗಿಯಲ್ಲಿ ಹಿಂಬರಹ ಬೇಕು. ಬೆನ್ನ ಮೇಲೆ ಹೊತ್ತ ಸರಕಿಗೆ ತರಬೇತಿಯುಂಟು, ಚಕ್ರದ ಕೆಳಗಿನ ನೆಲಕ್ಕೆ ಇಲ್ಲ. ಉತ್ತರಾಖಂಡದಲ್ಲಿ ಬೆಟ್ಟದ ಹಾದಿಗಳಲ್ಲಿ ಬಾಡಿಗೆ ವಾಹನ ಓಡಿಸಲು ಪರವಾನಗಿಯ ಮೇಲೆ ಗುಡ್ಡಗಾಡಿನ ಹಿಂಬರಹ ಕೇಳುವ ಪದ್ಧತಿಯಿದೆ. ಸಹ್ಯಾದ್ರಿಯ ಘಟ್ಟ ಇಳಿಯುವ ಚಾಲಕನನ್ನು ಅಂಥದೊಂದು ಕೇಳಿದ್ದನ್ನು ನಾನು ಕಂಡಿಲ್ಲ. ನಮ್ಮ ಸಾರಿಗೆ ಸಂಸ್ಥೆಗಳು ಹೊಸ ಬಸ್ ಚಾಲಕರಿಗಾಗಿ ತರಬೇತಿ ಕೇಂದ್ರಗಳನ್ನೇ ನಡೆಸುತ್ತವೆ. ತೆಂಗಿನ ಮರ ಹತ್ತುವವರಿಗೂ ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಆರು ದಿನಗಳ ತರಬೇತಿ, ವಿಮೆ ಎರಡನ್ನೂ ಕೊಡುತ್ತಿದೆ. ಮರದಿಂದ ಬಿದ್ದರೆ ಅಪಾಯ ಹತ್ತಿದವನಿಗೆ. ಲಾರಿ ಉರುಳಿದರೆ ದಾರಿಯಲ್ಲಿದ್ದವರೆಲ್ಲರಿಗೆ.

ಗುಡ್ಡಕ್ಕೆ ಬೀಳುವ ಏಟು

ಚಾಲಕರ ತರಬೇತಿ ಪರಿಸರದ ವಿಷಯ ಹೇಗೆ ಎಂದು ಕೆಲವು ಓದುಗರು ಕೇಳಬಹುದು. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ, 2015ರ ಸೆಪ್ಟೆಂಬರ್‌ನಲ್ಲಿ ನಮ್ಮದೇ ಜಿಲ್ಲೆಯ ಕುಮಟಾ ಸಮೀಪದ ಬರ್ಗಿಯಲ್ಲಿ ಅನಿಲ ಟ್ಯಾಂಕರುಗಳು ಮಗುಚಿ, ಹೊತ್ತಿಕೊಂಡ ಬೆಂಕಿಗೆ ರಸ್ತೆ ಬದಿಯ ನಿವಾಸಿಗಳು ಬಲಿಯಾದರು. ಘಟ್ಟದಲ್ಲಿ ಉರುಳುವ ಟ್ಯಾಂಕರು ಬೀಳುವುದು ಹೆಚ್ಚಾಗಿ ಹಳ್ಳಕ್ಕೆ. ಆ ಹಳ್ಳದ ನೀರೇ ಕೆಳಗಿನ ತೋಟಕ್ಕೂ ಬಾವಿಗೂ ಬರುತ್ತದೆ.

ಇದಕ್ಕಿಂತ ದೊಡ್ಡ ಏಟು ಬೀಳುವುದು ಅಪಘಾತದ ನಂತರ. ಪ್ರತಿ ಅಪಘಾತವೂ ರಸ್ತೆ ಅಗಲೀಕರಣಕ್ಕೆ ಒಂದು ಅರ್ಜಿಯಾಗುತ್ತದೆ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾದ ಸಂತೆಗೆ ಹೊರಟಿದ್ದ ಹಣ್ಣು-ತರಕಾರಿ ವ್ಯಾಪಾರಿಗಳ ಲಾರಿ ಇದೇ ಘಟ್ಟದಲ್ಲಿ ಕಣಿವೆಗೆ ಬಿದ್ದು 10 ಜನ ಸತ್ತರು. ಎದುರಿನ ವಾಹನಕ್ಕೆ ದಾರಿ ಬಿಡಲು ಎಡಕ್ಕೆ ಸರಿದಾಗ ಹೀಗಾಯಿತೆಂದು ಪೊಲೀಸರು ಆಗ ತಿಳಿಸಿದ್ದರು. ಆ ಚಾಲಕನನ್ನು ದೂರುವುದು ನನ್ನ ಉದ್ದೇಶವಲ್ಲ. ಸರಕಿನ ಮೇಲೆ ಜನರನ್ನು ಕೂರಿಸುವುದು, ಕಣಿವೆಯ ಅಂಚಿನಲ್ಲಿ ಎಲ್ಲಿಯವರೆಗೆ ಸರಿಯಬಹುದೆಂದು ಅಳೆಯುವುದು, ಇಕ್ಕಟ್ಟಿನ ಘಟ್ಟದಲ್ಲಿ ಇಳಿಯುವ ವಾಹನ ನಿಂತು ಏರುವ ವಾಹನಕ್ಕೆ ದಾರಿ ಬಿಡುವುದು: ಇವೆಲ್ಲ ಕಲಿಸಿ ರೂಢಿಸಬೇಕಾದ ಸಂಗತಿಗಳು ಎಂಬುದಷ್ಟೇ ನನ್ನ ಮಾತು.

ತಿರುವು ತೆಗೆಯುವುದೆಂದರೆ ಗುಡ್ಡದ ಪಾದವನ್ನು ಕಡಿಯುವುದು. ಮೇಲಿನ ಮಣ್ಣಿಗೆ ಆಸರೆಯಾಗಿದ್ದ ಬುಡ ಹೋಗುತ್ತದೆ, ಬೇರುಗಳು ಹೋಗುತ್ತವೆ. ಮಳೆಗಾಲದಲ್ಲಿ ನೀರು ತುಂಬಿ ಭಾರವಾದ ಮಣ್ಣು ಜಾರುತ್ತದೆ. 2021ರ ಜುಲೈ ಮಳೆಯಲ್ಲಿ ಅರಬೈಲು ಘಟ್ಟದಲ್ಲಿಯೂ ಕಳಚೆಯಲ್ಲಿಯೂ ಕುಸಿದ ಗುಡ್ಡಗಳನ್ನು ನಾವು ಕಂಡಿದ್ದೇವೆ. ಹೆದ್ದಾರಿಯ ಅಗಲೀಕರಣಕ್ಕೆಂದು ಕಡಿದಿದ್ದ ಅಂಕೋಲೆಯ ಶಿರೂರಿನ ಗುಡ್ಡ 2024ರ ಜುಲೈ 16ರಂದು ಜಾರಿದಾಗ ರಸ್ತೆ ಬದಿಯಲ್ಲಿ ನಿಂತಿದ್ದ ಲಾರಿ, ಟ್ಯಾಂಕರುಗಳು ಗಂಗಾವಳಿಗೆ ಬಿದ್ದವು. ಒಂದು ಲಾರಿ ತನ್ನ ಚಾಲಕನ ದೇಹದೊಡನೆ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ ಕೊನೆಗೆ. ಚಾಲಕನ ಸುರಕ್ಷತೆಯ ಹೆಸರಿನಲ್ಲಿ ಕಡಿದ ಗುಡ್ಡ ಚಾಲಕನನ್ನೇ ಕೊಂದ ಈ ಘಟನೆಯನ್ನು ನಾವು ಮರೆಯಬಾರದು. ಅಗಲವಾದ ಇಳಿಜಾರು ಕಲಿಯದ ಚಾಲಕನಿಗೆ ಇನ್ನಷ್ಟು ವೇಗವನ್ನು ಕೊಡುತ್ತದೆಯೇ ಹೊರತು ವಿದ್ಯೆಯನ್ನಲ್ಲ.

ರಸ್ತೆಯ ದೋಷ ಎಲ್ಲಿಯೂ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಮುರಿದ ತಡೆಗೋಡೆ, ಬಿಳಿಗೆರೆ ಅಳಿಸಿಹೋದ ಅಂಚು, ದೀಪವಿಲ್ಲದ ತಿರುವು ಇವೆಲ್ಲ ಸರಿಯಾಗಲೇಬೇಕು. ಅವಕ್ಕೆ ಗುಡ್ಡ ಕಡಿಯಬೇಕಾಗಿಲ್ಲ.

ಏನು ಮಾಡಬಹುದು?

ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆಗಳು ಮೂರು. ಹೊಸ ಚಾಲಕನೊಬ್ಬ ಭಾರೀ ವಾಹನವನ್ನು ಘಟ್ಟದಲ್ಲಿ ಒಂಟಿಯಾಗಿ ಇಳಿಸುವ ಮೊದಲು ಅನುಭವಿಯ ಪಕ್ಕದಲ್ಲಿ ಕನಿಷ್ಠ ಹತ್ತು ಬಾರಿ ಇಳಿಸಿರಬೇಕು, ಅದರ ದಾಖಲೆ ಮಾಲೀಕರ ಬಳಿ ಇರಬೇಕು ಮತ್ತು ಪರವಾನಗಿಗೆ ಘಟ್ಟದ ಹಿಂಬರಹ ಬರಬೇಕು. ಎರಡನೆಯದಾಗಿ, ಪ್ರತಿ ಘಟ್ಟದ ತಲೆಯಲ್ಲಿ ಲಾರಿಗಳು ಕಡ್ಡಾಯವಾಗಿ ನಿಂತು ಬ್ರೇಕು ಪರೀಕ್ಷಿಸಿಕೊಳ್ಳುವ ತಂಗುದಾಣ ಬೇಕು. ಯಾವ ಗೇರಿನಲ್ಲಿ ಇಳಿಯಬೇಕೆಂಬ ಫಲಕ ಕನ್ನಡದ ಜೊತೆಗೆ ಹಿಂದಿ, ಮರಾಠಿ, ತೆಲುಗು, ತಮಿಳು, ಮಲಯಾಳಗಳಲ್ಲಿಯೂ ಇರಬೇಕು. ನಮ್ಮ ಹಳ್ಳಿಗಳಲ್ಲಿರುವ ನಿವೃತ್ತ ಚಾಲಕರನ್ನು ಗೌರವಧನ ಕೊಟ್ಟು ಅಲ್ಲಿ ಶಿಕ್ಷಕರನ್ನಾಗಿ ನೇಮಿಸಬಹುದು. ಮೂರನೆಯದಾಗಿ, ಅಪಘಾತದ ತನಿಖೆಯಲ್ಲಿ ಚಾಲಕನ ತರಬೇತಿಯ ವಿವರವನ್ನೂ, ಅದನ್ನು ಕೊಡದ ಮಾಲೀಕರ ಹೊಣೆಯನ್ನೂ ಬರೆಯಬೇಕು. ಇವೆಲ್ಲಕ್ಕೆ ತಗಲುವ ವೆಚ್ಚ ಒಂದು ತಿರುವನ್ನು ಕಡಿದು ತಡೆಗೋಡೆ ಕಟ್ಟುವ ವೆಚ್ಚದ ಮುಂದೆ ಅಲ್ಪವೇ.

ನಾವೂ ಮಾಡಬಹುದಾದದ್ದುಂಟು. ಗೊಬ್ಬರ, ಸುಣ್ಣ, ಅಡಿಕೆ, ಬಾಳೆ, ಎಲ್ಲದಕ್ಕೂ ಲಾರಿ ಗೊತ್ತುಮಾಡುವವರು ನಾವೇ. ಗ್ರಾಮಸಭೆಯಲ್ಲಿ ಈ ಬೇಡಿಕೆಗಳನ್ನು ಠರಾವಾಗಿ ಮಂಡಿಸೋಣ. ನಮ್ಮ ಸಹಕಾರಿ ಸಂಘಗಳು ಬಾಡಿಗೆ ಗೊತ್ತುಮಾಡುವಾಗ ಎರಡನೆಯ ಆಳಿನ ಖರ್ಚನ್ನು ಸೇರಿಸಿ ಕೊಡಲಿ. ಹೆದ್ದಾರಿ ಬದಿಯ ಶಾಲೆ-ಕಾಲೇಜುಗಳ ವಿದ್ಯಾರ್ಥಿಗಳು ರಜಾದಿನಗಳಲ್ಲಿ ಘಟ್ಟದ ಬುಡದಲ್ಲಿ ಹಿರಿಯರೊಡನೆ ಕೂತು, ಇಳಿದುಬರುವ ಲಾರಿಗಳಲ್ಲಿ ಚಾಲಕನೊಬ್ಬನೇ ಇರುವವು ಎಷ್ಟು, ಚಕ್ರ ಹೊಗೆಯಾಡುವವು ಎಷ್ಟು ಎಂದು ಬರೆದಿಡಬಹುದು. ಅಂಥ ಒಂದು ವರ್ಷದ ನೋಟ್‌ಬುಕ್ಕು ಅಧಿಕಾರಿಗಳ ಮೇಜಿನ ಮೇಲೆ ನಮ್ಮ ನೂರು ಭಾಷಣಗಳಿಗಿಂತ ಹೆಚ್ಚು ತೂಗುತ್ತದೆ.

ಸುಣ್ಣ ತಂದ ಹುಡುಗ ಮರುದಿನ ಲೋಡು ಇಳಿಸಿದ ಮೇಲೆ ನಮ್ಮೂರಿನ ಹಿರಿಯ ಚಾಲಕರು ಅವನ ಪಕ್ಕದಲ್ಲಿ ಕೂತು ಘಟ್ಟದ ತಲೆಯವರೆಗೆ ಹೋದರು. ಅಲ್ಲಿ ಲಾರಿ ತಿರುಗಿಸಿ, ಖಾಲಿ ಲಾರಿಯನ್ನೇ ಚಿಕ್ಕ ಗೇರಿನಲ್ಲಿ, ಬ್ರೇಕನ್ನು ಆದಷ್ಟು ಮುಟ್ಟದೆ, ಕೆಳಗಿನವರೆಗೆ ಅವನಿಂದ ಇಳಿಸಿಸಿದರು. ಒಟ್ಟು ಒಂದೂವರೆ ಗಂಟೆಯಾಯಿತು. ಡೀಸೆಲ್ಲಿನ ದುಡ್ಡನ್ನು ನಾವು ಮನೆಮನೆಗೆ ಹಂಚಿಕೊಂಡು ಕೊಟ್ಟೆವು. ಹೊರಡುವಾಗ ಹುಡುಗ ಹಿರಿಯರ ಕಾಲು ಮುಟ್ಟಿ, ‘ಇದನ್ನ ಯಾರೂ ಹೇಳಿರಲಿಲ್ರಿ ಕಾಕಾ’ ಎಂದ.

ಮುಂದಿನ ಲೋಡಿಗೆ ಬಾಡಿಗೆ ಮಾತಾಡುವಾಗ ನಾವೆಲ್ಲರೂ ಒಂದು ಪ್ರಶ್ನೆಯನ್ನು ಹೆಚ್ಚು ಕೇಳೋಣ: ಬರುವ ಚಾಲಕನಿಗೆ ಘಟ್ಟ ಗೊತ್ತಿದೆಯೇ? ಗೊತ್ತಿಲ್ಲವೆಂದರೆ, ಗೊತ್ತಿರುವವರೊಬ್ಬರನ್ನು ಅವನ ಜೊತೆ ಕಳಿಸಿ, ಅದರ ದುಡ್ಡು ನಾವು ಕೊಡುತ್ತೇವೆ ಎಂದು ಹೇಳೋಣ.